ರಕ್ತಾಹಾರಿ ಬಾವಲಿಗಳು

ಹಾಲು ಬಿಟ್ಟ ದಿನದಿಂದ ಸಾಯುವವರೆಗೆ ರಕ್ತವೊಂದನ್ನೇ ಉಂಡು ಬದುಕುವ ಸಸ್ತನಿಗಳು ಜಗತ್ತಿನಲ್ಲಿ ಮೂರೇ ಮೂರು. ಮೂರೂ ಬಾವಲಿಗಳು, ಮೂರೂ ಅಮೆರಿಕ ಖಂಡಗಳ ಬೆಚ್ಚನೆಯ ಸೀಮೆಗೆ ಸೇರಿದವು. ಇವುಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿರುವುದು, ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವುದು ಸಾಮಾನ್ಯ ರಕ್ತಾಹಾರಿ (ಡೆಸ್ಮೋಡಸ್ ರೋಟಂಡಸ್). ಉಳಿದೆರಡು ಬಿಳಿರೆಕ್ಕೆಯ ರಕ್ತಾಹಾರಿ (ಡಯೇಮಸ್ ಯಂಗೀ) ಮತ್ತು ರೋಮಗಾಲಿನ ರಕ್ತಾಹಾರಿ (ಡಿಫಿಲ್ಲಾ ಇಕಾಡೇಟಾ). ಮೂರೂ ಫಿಲ್ಲೊಸ್ಟೊಮಿಡೇ ಎಂಬ ಎಲೆಮೂಗಿನ ಬಾವಲಿಗಳ ಕುಟುಂಬಕ್ಕೆ ಸೇರಿವೆ. ಈ ಕುಟುಂಬದ ಇತರ ಸದಸ್ಯರು ಹಣ್ಣು, ಹೂವಿನ ಮಕರಂದ, ಕೀಟ, ಕಪ್ಪೆಗಳನ್ನು ತಿನ್ನುತ್ತವೆ. ಇಂಥ ಬಳಗದಲ್ಲಿ ಒಂದು ಕವಲು ಮಾತ್ರ ರಕ್ತದ ಕಡೆಗೆ ತಿರುಗಿದ್ದು ಹೇಗೆ ಎಂಬುದರ ಬಗ್ಗೆ ಊಹೆಗಳು ಹಲವಿವೆ. ದೊಡ್ಡ ಪ್ರಾಣಿಗಳ ಮೈಮೇಲಿನ ಉಣ್ಣೆಗಳನ್ನೋ ಗಾಯದಲ್ಲಿನ ಹುಳುಗಳನ್ನೋ ಹೆಕ್ಕಿ ತಿನ್ನುತ್ತಿದ್ದ ಪೂರ್ವಜರು ಕ್ರಮೇಣ ಗಾಯವನ್ನೇ ನೆಕ್ಕತೊಡಗಿರಬಹುದು ಎಂಬುದು ಅವುಗಳಲ್ಲೊಂದು.

ಬಾವಲಿಗಳಲ್ಲಿ ಒಟ್ಟು 1,400ಕ್ಕೂ ಹೆಚ್ಚು ಜಾತಿಗಳಿವೆ. ಭಾರತದಲ್ಲಿ ರಕ್ತ ಕುಡಿಯುವ ಬಾವಲಿ ಒಂದೂ ಇಲ್ಲ. ಕರ್ನಾಟಕದ ಹಳೆಯ ದೇವಸ್ಥಾನ, ಕೋಟೆ, ಗುಹೆಗಳ ಕತ್ತಲಲ್ಲಿ ನೇತಾಡುವ ಅಗಲಕಿವಿಯ ಲೈರೊಡರ್ಮಾ ಲೈರಾ ಎಂಬ ಬಾವಲಿಯನ್ನು ಇಂಗ್ಲಿಷ್ ಪುಸ್ತಕಗಳು ‘ಹುಸಿ ರಕ್ತಾಹಾರಿ’ ಎನ್ನುತ್ತವೆ. ಅದು ತಿನ್ನುವುದು ಕೀಟ, ಕಪ್ಪೆ, ಹಲ್ಲಿ, ಇಲಿಗಳನ್ನು. ಇಂಥ ತಪ್ಪು ಆರೋಪ ಅಮೆರಿಕದಲ್ಲೂ ನಡೆದಿದೆ. ಅಲ್ಲಿನ ಅತಿ ದೊಡ್ಡ ಬಾವಲಿಯಾದ ವ್ಯಾಂಪೈರಮ್ ಸ್ಪೆಕ್ಟ್ರಮ್, ಗಾತ್ರ ಮತ್ತು ಮುಖಚಹರೆಯಿಂದಲೇ ರಕ್ತ ಹೀರುವ ಪ್ರಾಣಿ ಎನಿಸಿಕೊಂಡಿತು. ಅದು ಹಕ್ಕಿ, ಇಲಿಗಳನ್ನು ಹಿಡಿದು ತಿನ್ನುವ ಬೇಟೆಗಾರ. ನಿಜವಾಗಿ ರಕ್ತ ಕುಡಿಯುವ ಪ್ರಾಣಿ ಮಾತ್ರ ಚಿಕ್ಕದು, ಕಂದುಬಣ್ಣದ್ದು, ನೋಡುವವರ ಕಣ್ಣಿಗೆ ಬೀಳದಂಥದ್ದು. 1830ರ ದಶಕದಲ್ಲಿ ಚಾರ್ಲ್ಸ್ ಡಾರ್ವಿನ್ ಚಿಲಿಯ ಕೊಕಿಂಬೊ ಬಳಿ ರಾತ್ರಿ ತಂಗಿದ್ದಾಗ ಕುದುರೆಯೊಂದು ಚಡಪಡಿಸತೊಡಗಿತು. ಸೇವಕ ಹೋಗಿ ಅದರ ಹೆಗಲ ಮೇಲೆ ಥಟ್ಟನೆ ಕೈಯಿಟ್ಟ, ಕೈಗೆ ಬಾವಲಿ ಸಿಕ್ಕಿತು. ಮರುದಿನ ಬೆಳಗ್ಗೆ ಕಚ್ಚಿದ ಜಾಗ ಸ್ವಲ್ಪ ಊದಿಕೊಂಡು ರಕ್ತ ಒಸರಿದ್ದರಿಂದ ಗುರುತು ಸಿಗುವಂತಿತ್ತು. ಯುರೋಪಿನ ವಿಜ್ಞಾನ ಲೋಕ ಅಲ್ಲಿಯವರೆಗೂ ಅನುಮಾನದಿಂದ ನೋಡುತ್ತಿದ್ದ ಸಂಗತಿಗೆ ಇದು ಪ್ರತ್ಯಕ್ಷ ಸಾಕ್ಷಿಯಾಯಿತು.

ನೆಲೆ

ಸಾಮಾನ್ಯ ರಕ್ತಾಹಾರಿಯ ನೆಲೆ ಉತ್ತರ ಮೆಕ್ಸಿಕೊದಿಂದ ಮಧ್ಯ ಅಮೆರಿಕದ ಮೂಲಕ ಅರ್ಜೆಂಟೀನ, ಚಿಲಿ, ಉರುಗ್ವೆಗಳವರೆಗೆ ಹಬ್ಬಿದೆ. ಟ್ರಿನಿಡಾಡ್ ದ್ವೀಪದಲ್ಲೂ ಇದೆ. ಮಳೆಕಾಡು, ಒಣ ಕುರುಚಲು, ಸಮುದ್ರತೀರ, ಆಂಡಿಸ್ ಪರ್ವತದ ಕಣಿವೆ, ಎಲ್ಲೆಡೆಯೂ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳಲಾಗದ್ದು ಚಳಿಗೆ. ಇದಕ್ಕೆ ಚಳಿನಿದ್ದೆ ತಿಳಿಯದು, ಮೈಯಲ್ಲಿ ಕೊಬ್ಬು ಕೂಡಿಡುವ ಸಾಮರ್ಥ್ಯವೂ ಇಲ್ಲ. ಆದ್ದರಿಂದ ಅತ್ಯಂತ ಚಳಿಯ ತಿಂಗಳಲ್ಲಿ ಸರಾಸರಿ ಕನಿಷ್ಠ ತಾಪಮಾನ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಸೀಮೆಯನ್ನು ಅದು ದಾಟುವುದಿಲ್ಲ. ಈ ರೇಖೆ ಶಾಶ್ವತವಾದುದೇನಲ್ಲ. ಹಿಮಯುಗದ ಕೊನೆಯ ಭಾಗದಲ್ಲಿ ಬದುಕಿದ್ದ ಡೆಸ್ಮೋಡಸ್ ಸ್ಟಾಕೀ ಎಂಬ ಅಳಿದ ಜಾತಿಯ ಪಳೆಯುಳಿಕೆಗಳು ಕ್ಯಾಲಿಫೋರ್ನಿಯ, ಫ್ಲಾರಿಡಗಳಂಥ ಉತ್ತರದ ಪ್ರದೇಶಗಳಲ್ಲೂ ಸಿಕ್ಕಿವೆ. ವೆನೆಜುವೆಲದ ಗುವಾಚರೊ ಗುಹೆಯಲ್ಲಿ ದೊರೆತ ಎಲುಬುಗಳ ಆಧಾರದಿಂದ 1988ರಲ್ಲಿ ಹೆಸರಿಸಲಾದ ಡೆಸ್ಮೋಡಸ್ ಡ್ರಾಕುಲೇ ಇಂದಿನ ಜಾತಿಗಿಂತ ಕಾಲುಭಾಗದಷ್ಟು ದೊಡ್ಡದಿತ್ತು. ಆ ಕಾಲದ ಭಾರೀ ಸಸ್ತನಿಗಳ ರಕ್ತವೇ ಇದರ ಆಹಾರವಾಗಿದ್ದಿರಬೇಕು.

ಇಂದಿನ ಸಾಮಾನ್ಯ ರಕ್ತಾಹಾರಿ ಕೂಡ ಮೂಲತಃ ಟೇಪಿರ್, ಕಾಡುಹಂದಿಯಂಥ ಪೆಕರಿ, ಕ್ಯಾಪಿಬಾರ ಮೊದಲಾದ ಕಾಡುಪ್ರಾಣಿಗಳನ್ನು ನಂಬಿಕೊಂಡಿದ್ದ ಜೀವಿ. ಪೆರು ಮತ್ತು ಚಿಲಿಯ ಕರಾವಳಿಯಲ್ಲಿ ಈಗಲೂ ಕಡಲಸಿಂಹಗಳನ್ನು ಕಚ್ಚುತ್ತದೆ. 16ನೇ ಶತಮಾನದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ನವರು ದನ, ಕುದುರೆ, ಹಂದಿಗಳನ್ನು ತಂದು ಬಿಟ್ಟ ಮೇಲೆ ಅದರ ಊಟದ ಕಷ್ಟ ನೀಗಿತು. ಬೇಲಿಯೊಳಗೆ ಸಾಲಾಗಿ ಮಲಗಿ ಎಲ್ಲಿಗೂ ಓಡಿಹೋಗದ ಬೇಟೆ ಪ್ರತಿ ರಾತ್ರಿ ಅದೇ ಜಾಗದಲ್ಲಿ ಸಿಗತೊಡಗಿತು. ಕಾಡು ಕಡಿದು ಹುಲ್ಲುಗಾವಲು ಮಾಡಿದಷ್ಟೂ ಅದರ ಸಂಖ್ಯೆ ಬೆಳೆಯಿತು. ಮುಂದೆ ಹೇಳುವ ರೋಗದ ಕತೆಯಲ್ಲಿ ಬಾವಲಿಯಷ್ಟೇ ಪಾಲು ಈ ದನಗಳದೂ ಇದೆ.

ದೇಹರಚನೆ ಮತ್ತು ಬೇಟೆ

ಸಾಮಾನ್ಯ ರಕ್ತಾಹಾರಿಯ ದೇಹದ ಉದ್ದ 7ರಿಂದ 9.5 ಸೆಂಟಿಮೀಟರ್, ರೆಕ್ಕೆ ಬಿಚ್ಚಿದಾಗಿನ ಅಗಲ 35ರಿಂದ 40 ಸೆಂಟಿಮೀಟರ್, ತೂಕ 25ರಿಂದ 40 ಗ್ರಾಂ. ಹೆಣ್ಣು ಗಂಡಿಗಿಂತ ಸ್ವಲ್ಪ ದೊಡ್ಡದು. ಬಾಯಲ್ಲಿ 20 ಹಲ್ಲುಗಳಿವೆ. ಅಗಿಯುವ ಕೆಲಸವೇ ಇಲ್ಲದ್ದರಿಂದ ದವಡೆಹಲ್ಲುಗಳು ಸಣ್ಣದಾಗಿವೆ, ಮೇಲಿನ ಎರಡು ಬಾಚಿಹಲ್ಲುಗಳು ಮಾತ್ರ ದೊಡ್ಡದಾಗಿ, ತ್ರಿಕೋನಾಕಾರದಲ್ಲಿ, ಅತ್ಯಂತ ಹರಿತವಾಗಿವೆ. ಈ ಬಾಚಿಹಲ್ಲುಗಳ ಮೇಲೆ ದಂತಕವಚ ಇಲ್ಲ. ಹೀಗಾಗಿ ಅವು ಸವೆಯುತ್ತಲೇ ಹರಿತವಾಗುತ್ತವೆ, ಮೊಂಡಾಗುವುದಿಲ್ಲ.

ಬಹುತೇಕ ಬಾವಲಿಗಳು ನೆಲಕ್ಕೆ ಬಿದ್ದರೆ ತೆವಳುವಷ್ಟೇ ಶಕ್ತ. ಇದು ನಡೆಯುತ್ತದೆ, ಪಕ್ಕಕ್ಕೆ ಸರಿಯುತ್ತದೆ, ನೆಗೆಯುತ್ತದೆ. 2005ರಲ್ಲಿ ಡೇನಿಯಲ್ ರಿಸ್ಕಿನ್ ಮತ್ತು ಜಾನ್ ಹರ್ಮನ್ಸನ್ ಇವುಗಳನ್ನು ಚಿಕ್ಕ ಟ್ರೆಡ್‌ಮಿಲ್ ಮೇಲೆ ಬಿಟ್ಟು ನೋಡಿದಾಗ, ಸೆಕೆಂಡಿಗೆ ಒಂದು ಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುವುದೂ ಗೊತ್ತಾಯಿತು. ಓಟಕ್ಕೆ ಬಲ ಬರುವುದು ಹಿಂಗಾಲಿನಿಂದಲ್ಲ, ಮಡಿಸಿದ ರೆಕ್ಕೆಗಳಿಂದ, ಅಂದರೆ ಮುಂಗೈಗಳಿಂದ. ಉದ್ದವಾದ ಗಟ್ಟಿ ಹೆಬ್ಬೆರಳು ನೆಲಕ್ಕೆ ಊರುಗೋಲಾಗುತ್ತದೆ. ಹೊಟ್ಟೆ ಬಿರಿಯೆ ಕುಡಿದ ಮೇಲೂ ನೆಲದಿಂದ ನೇರವಾಗಿ ಮೇಲಕ್ಕೆ ಚಿಮ್ಮಿ ಹಾರಲು ಈ ಬಲವೇ ಸಹಾಯ ಮಾಡುತ್ತದೆ.

ಬೇಟೆ ನಡೆಯುವುದು ಕತ್ತಲು ದಟ್ಟವಾದಾಗ. ಬೆಳದಿಂಗಳಿರುವ ತನಕ ಬಾವಲಿ ನೆಲೆಬಿಟ್ಟು ಹೊರಡುವುದು ಕಡಿಮೆ. ಮಲಗಿದ ದನದ ಸಮೀಪ, ಕೆಲವೊಮ್ಮೆ ತುಸು ದೂರದಲ್ಲೇ, ನೆಲಕ್ಕಿಳಿದು ಅದು ಸದ್ದಿಲ್ಲದೆ ನಡೆದು ಬರುತ್ತದೆ. ಮಲಗಿದ ಪ್ರಾಣಿಯ ಉಸಿರಾಟದ ಸದ್ದಿಗೆ ಸ್ಪಂದಿಸುವ ನರಕೋಶಗಳು ಅದರ ಮಿದುಳಿನಲ್ಲಿವೆ. ಉಸಿರಿನ ಸದ್ದಿನಿಂದಲೇ ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ಗುರುತಿಸಬಲ್ಲದೆಂದು ಜರ್ಮನಿಯಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ಮೈ ಮುಟ್ಟುವಷ್ಟು ಹತ್ತಿರ ಬಂದ ಮೇಲೆ ಮೂಗಿನ ಕೆಲಸ ಶುರು. ಮೂಗಿನ ಸುತ್ತ ಇರುವ ಗುಳಿಗಳ ಚರ್ಮ ಮುಖದ ಉಳಿದ ಭಾಗಕ್ಕಿಂತ ಸುಮಾರು 9 ಡಿಗ್ರಿ ತಂಪಾಗಿರುತ್ತದೆ. ಹೊರಗಿನಿಂದ ಬರುವ ಶಾಖ ಅಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಅಲ್ಲಿನ ನರಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನಿನ ಗಿಡ್ಡ ರೂಪವೊಂದಿದೆ. ಸಸ್ತನಿಗಳಲ್ಲಿ ಸಾಮಾನ್ಯವಾಗಿ ಈ ಪ್ರೋಟೀನು 43 ಡಿಗ್ರಿಯ ಆಸುಪಾಸಿನ ಸುಡುಶಾಖಕ್ಕೆ ಎಚ್ಚರಗೊಳ್ಳುತ್ತದೆ. ಮೆಣಸಿನಕಾಯಿಯ ಖಾರ ‘ಉರಿ’ಯಾಗಿ ಅನುಭವಕ್ಕೆ ಬರುವುದೂ ಇದರಿಂದಲೇ. ಬಾವಲಿಯ ಮೂಗಿನ ಗಿಡ್ಡ ರೂಪ ಸುಮಾರು 30 ಡಿಗ್ರಿಗೇ ಎಚ್ಚರಗೊಳ್ಳುತ್ತದೆ. 2011ರಲ್ಲಿ ಇದನ್ನು ಪ್ರಕಟಿಸಿದ್ದು, ಮುಂದೆ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಅವರ ತಂಡ. ಚರ್ಮದ ಅಡಿಯಲ್ಲೇ ರಕ್ತ ಹರಿಯುವ ಜಾಗ ಯಾವುದೆಂದು ಬಾವಲಿಗೆ ಹೀಗೆ ತಿಳಿಯುತ್ತದೆ.

ಕಿವಿ, ಕುತ್ತಿಗೆಯ ಮಡಿಕೆ, ಗೊರಸಿನ ಮೇಲ್ಭಾಗ, ಬಾಲದ ಬುಡ ಇವು ಅದು ಮೆಚ್ಚುವ ಜಾಗಗಳು. ರೋಮವಿದ್ದರೆ ಮೊದಲು ಅದನ್ನು ಹಲ್ಲಿನಿಂದ ಕತ್ತರಿಸಿ ತೆಗೆಯುತ್ತದೆ. ಆಮೇಲೆ ಬಾಚಿಹಲ್ಲಿನಿಂದ ಕೆಲವೇ ಮಿಲಿಮೀಟರ್ ಅಗಲದ ಚರ್ಮದ ಚೂರನ್ನು ಚಕ್ಕನೆ ಕೆತ್ತುತ್ತದೆ. ನಿದ್ದೆಯಲ್ಲಿರುವ ಪ್ರಾಣಿಗೆ ಹಲವೊಮ್ಮೆ ಎಚ್ಚರವೂ ಆಗುವುದಿಲ್ಲ. ಕತೆಗಳಲ್ಲಿ ಹೇಳುವಂತೆ ಇದು ರಕ್ತವನ್ನು ಹೀರುವುದಿಲ್ಲ. ಬೆಕ್ಕು ಹಾಲು ನೆಕ್ಕುವಂತೆ ನಾಲಿಗೆಯನ್ನು ಒಳಗೆ ಹೊರಗೆ ಆಡಿಸುತ್ತ ನೆಕ್ಕುತ್ತದೆ, ನಾಲಿಗೆಯ ಅಡಿಯ ಗೀರುಗಳ ಉದ್ದಕ್ಕೂ ರಕ್ತ ಬಾಯೊಳಗೆ ಹರಿದುಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಜೊಲ್ಲು. ಅದರಲ್ಲಿನ ಡ್ರಾಕುಲಿನ್ ಎಂಬ ಪ್ರೋಟೀನು ಹೆಪ್ಪುಗಟ್ಟುವ ಸರಣಿಯನ್ನು ನಡುವೆಯೇ ತಡೆಯುತ್ತದೆ. ಇನ್ನೊಂದು ಕಿಣ್ವ, ಆಗಲೇ ಕಟ್ಟಿದ ಹೆಪ್ಪನ್ನು ಕರಗಿಸುತ್ತದೆ. ಈ ಎರಡನೆಯದನ್ನು ಡೆಸ್ಮೋಟೆಪ್ಲೇಸ್ ಎಂಬ ಹೆಸರಿನಲ್ಲಿ, ಮಿದುಳಿನ ರಕ್ತನಾಳ ಕಟ್ಟಿಕೊಂಡ ಪಾರ್ಶ್ವವಾಯು ರೋಗಿಗಳಿಗೆ ಔಷಧವಾಗಿ ಪರೀಕ್ಷಿಸಲಾಯಿತು. ಆರಂಭದ ಫಲಿತಾಂಶ ಭರವಸೆ ಹುಟ್ಟಿಸಿದರೂ ದೊಡ್ಡ ಪರೀಕ್ಷೆಗಳಲ್ಲಿ ನಿರೀಕ್ಷಿತ ಪ್ರಯೋಜನ ಕಾಣಲಿಲ್ಲ. ಬಾವಲಿ ಎದ್ದುಹೋದ ಮೇಲೂ ಗಾಯ ಸಾಕಷ್ಟು ಹೊತ್ತು ಒಸರುತ್ತಿರುತ್ತದೆ. ಮರುರಾತ್ರಿ ಅದೇ ಗಾಯಕ್ಕೆ ಅದೇ ಬಾವಲಿಯೋ ಅದರ ಜೊತೆಗಾರ್ತಿಯೋ ಮರಳುವುದು ಸಾಮಾನ್ಯ.

ರಕ್ತವೆಂಬ ಬಡ ಊಟ

ರಕ್ತ ಪುಷ್ಟಿಕರ ಎಂಬ ಭಾವನೆ ಇದೆ. ಒಂದೇ ಆಹಾರವಾಗಿ ನೋಡಿದರೆ ಅದರಷ್ಟು ತೊಡಕಿನದು ಇನ್ನೊಂದಿಲ್ಲ. ಐದರಲ್ಲಿ ನಾಲ್ಕು ಭಾಗ ನೀರು. ಉಳಿದ ಘನಪದಾರ್ಥದಲ್ಲಿ ಶೇಕಡ 90ಕ್ಕೂ ಹೆಚ್ಚು ಪ್ರೋಟೀನು. ಸಕ್ಕರೆ, ಕೊಬ್ಬು ಹೆಸರಿಗಷ್ಟೇ. ಕಬ್ಬಿಣ ಮಾತ್ರ ವಿಷವಾಗುವಷ್ಟು. ಹೊಟ್ಟೆ ತುಂಬಬೇಕಾದರೆ ಒಂದೇ ಸಲಕ್ಕೆ ತನ್ನ ತೂಕದ ಅರ್ಧದಷ್ಟು, ಸುಮಾರು 20 ಗ್ರಾಂ, ಕುಡಿಯಬೇಕು. ಅಷ್ಟು ಭಾರ ಹೊತ್ತು ಹಾರುವುದು ಕಷ್ಟ. ಆದ್ದರಿಂದ ನೆಕ್ಕಲು ಶುರುಮಾಡಿದ ಕೆಲವೇ ನಿಮಿಷಗಳಲ್ಲಿ, ಇನ್ನೂ ಗಾಯದ ಮೇಲೆ ಕುಳಿತಿರುವಾಗಲೇ, ನೀರಾದ ಮೂತ್ರವನ್ನು ಬಿಡತೊಡಗುತ್ತದೆ. ಊಟ ಮುಗಿಯಲು 20ರಿಂದ 30 ನಿಮಿಷ ಬೇಕು. ನೆಲೆಗೆ ಮರಳಿದ ಮೇಲೆ ಮೂತ್ರಪಿಂಡಗಳ ಕೆಲಸ ತಲೆಕೆಳಗಾಗುತ್ತದೆ. ಪ್ರೋಟೀನು ಒಡೆದು ಹುಟ್ಟುವ ಯೂರಿಯಾವನ್ನು ಹೊರಹಾಕಬೇಕು, ಉಳಿದಿರುವ ನೀರನ್ನೂ ಕಾಪಾಡಿಕೊಳ್ಳಬೇಕು. ಆಗ ಬರುವ ಮೂತ್ರ ಅತ್ಯಂತ ಸಾಂದ್ರವಾದುದು. ರಕ್ತಾಹಾರಿಗಳಿರುವ ಗುಹೆಯನ್ನು ಗುರುತಿಸಲು ಟಾರ್ಚು ಬೇಡ, ಬಾಗಿಲಲ್ಲೇ ಮೂಗಿಗೆ ಬಡಿಯುವ ಅಮೋನಿಯಾ ವಾಸನೆ, ನೆಲದ ಮೇಲಿನ ಕಪ್ಪಾದ ಅಂಟು ಹಿಕ್ಕೆ ಸಾಕು.

ಜೀರ್ಣಾಂಗದ ರೂಪವೂ ಬದಲಾಗಿದೆ. ಜಠರ ಸ್ನಾಯುಚೀಲವಾಗಿ ಉಳಿದಿಲ್ಲ, ನೀರು ಹೀರಿಕೊಳ್ಳುವ ಉದ್ದನೆಯ ಹಿಗ್ಗುವ ಕೊಳವೆಯಾಗಿದೆ. ಅಂಗಗಳಿಗಿಂತ ಆಳವಾದ ಬದಲಾವಣೆ ಜೀನ್‌ಗಳಲ್ಲಿದೆ. ಸಿಹಿಯ ರುಚಿ ತಿಳಿಸುವ ಜೀನ್‌ಗಳು ಕೆಟ್ಟುಹೋಗಿವೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೇರೆ ಬಾವಲಿಗಳಲ್ಲಿ ಕೆಲಸ ಮಾಡುವ ಹತ್ತಕ್ಕೂ ಹೆಚ್ಚು ಜೀನ್‌ಗಳು ಇಲ್ಲಿ ಕಳೆದುಹೋಗಿರುವುದನ್ನು ಪಟ್ಟಿ ಮಾಡಿತು. ಇನ್ಸುಲಿನ್ ಸ್ರವಿಕೆಗೆ ನೆರವಾಗುವ ಜೀನ್‌ಗಳು ಅದರಲ್ಲಿವೆ. ಸಕ್ಕರೆಯೇ ಇಲ್ಲದ ಊಟಕ್ಕೆ ಅವು ಅನಗತ್ಯ. ಆರ್‌ಇಪಿ15 ಎಂಬ ಜೀನ್ ಹೋಗಿರುವುದರಿಂದ ಹೆಚ್ಚುವರಿ ಕಬ್ಬಿಣ ಕರುಳಿನ ಒಳಪದರದ ಕೋಶಗಳಲ್ಲಿ ಶೇಖರವಾಗಿ, ಆ ಕೋಶಗಳು ಉದುರಿದಾಗ ಹಿಕ್ಕೆಯೊಡನೆ ಹೊರಹೋಗುತ್ತದೆ ಎಂದು ಭಾವಿಸಲಾಗಿದೆ. ವಿಕಾಸದಲ್ಲಿ ಹೊಸದನ್ನು ಗಳಿಸುವುದಷ್ಟೇ ಅಲ್ಲ, ಇದ್ದದ್ದನ್ನು ಕಳೆದುಕೊಳ್ಳುವುದೂ ದಾರಿಯೇ ಎಂಬುದಕ್ಕೆ ಇಷ್ಟು ಸ್ವಚ್ಛವಾದ ಉದಾಹರಣೆಗಳು ಹೆಚ್ಚಿಲ್ಲ. ಇನ್ನೊಂದು ಕುತೂಹಲದ ಸಂಗತಿಯೂ ಇದೆ. ಇಲಿಯಂಥ ಪ್ರಾಣಿಗಳು ಒಮ್ಮೆ ತಿಂದು ಕಾಯಿಲೆ ಬಿದ್ದ ಆಹಾರದ ರುಚಿಯನ್ನು ಮತ್ತೆ ಮುಟ್ಟುವುದಿಲ್ಲ. 2003ರ ಪ್ರಯೋಗದಲ್ಲಿ ಸಾಮಾನ್ಯ ರಕ್ತಾಹಾರಿ ಈ ಪಾಠವನ್ನು ಕಲಿಯಲೇ ಇಲ್ಲ. ಒಂದೇ ಬಗೆಯ ತಾಜಾ ಊಟ ಮಾಡುವ ಪ್ರಾಣಿಗೆ ಆ ಪಾಠದ ಅಗತ್ಯವೂ ಬಿದ್ದಿರಲಾರದು.

ಈ ಎಲ್ಲ ಹೊಂದಾಣಿಕೆಗಳಿಗೆ ತೆತ್ತ ಬೆಲೆ ದೊಡ್ಡದು. ಕೂಡಿಟ್ಟ ಕೊಬ್ಬಿಲ್ಲದ ಈ ಪ್ರಾಣಿ ಎರಡು ಮೂರು ರಾತ್ರಿ ಸತತವಾಗಿ ಉಪವಾಸ ಬಿದ್ದರೆ ಸಾಯುತ್ತದೆ.

ಗುಂಪಿನ ಬದುಕು

ಉಪವಾಸ ಬೀಳುವುದು ಅಪರೂಪವೇನಲ್ಲ. ಕೋಸ್ಟರಿಕದಲ್ಲಿ ವರ್ಷಗಟ್ಟಲೆ ಇವುಗಳನ್ನು ಗಮನಿಸಿದ ಜೆರಾಲ್ಡ್ ವಿಲ್ಕಿನ್ಸನ್, ಯಾವುದೇ ರಾತ್ರಿಯಲ್ಲಿ ವಯಸ್ಕ ಬಾವಲಿಗಳಲ್ಲಿ ಶೇಕಡ 7ರಷ್ಟು, ಎರಡು ವರ್ಷ ತುಂಬದವುಗಳಲ್ಲಿ ಶೇಕಡ 30ರಷ್ಟು ಖಾಲಿ ಹೊಟ್ಟೆಯಲ್ಲಿ ಮರಳುತ್ತವೆಂದು ಲೆಕ್ಕ ಹಾಕಿದರು. ಈ ಲೆಕ್ಕದ ಪ್ರಕಾರ ಗುಂಪು ಬೇಗ ನಶಿಸಬೇಕಿತ್ತು. ನಶಿಸದಿರಲು ಕಾರಣವನ್ನು ಅವರು 1984ರಲ್ಲಿ ಪ್ರಕಟಿಸಿದರು: ಹಸಿದು ಬಂದ ಬಾವಲಿ ಹೊಟ್ಟೆ ತುಂಬಿದ ಬಾವಲಿಯ ಬಾಯಿ ನೆಕ್ಕುತ್ತದೆ, ಅದು ತಾನು ಕುಡಿದ ರಕ್ತದಲ್ಲಿ ಸ್ವಲ್ಪವನ್ನು ಕಕ್ಕಿ ಉಣಿಸುತ್ತದೆ. ತಾಯಿ ಮರಿಗೆ ಉಣಿಸುವುದು ಅನೇಕ ಪ್ರಾಣಿಗಳಲ್ಲಿದೆ. ಇಲ್ಲಿ ಬಂಧುಗಳಲ್ಲದ ಹೆಣ್ಣುಗಳ ನಡುವೆಯೂ ಈ ಕೊಡುಕೊಳ್ಳುವಿಕೆ ನಡೆಯುತ್ತದೆ. ಆಮೇಲೆ ಜೆರಾಲ್ಡ್ ಕಾರ್ಟರ್ ಸಾಕಿದ ಗುಂಪುಗಳಲ್ಲಿ ಬೇಕೆಂದೇ ಒಂದೊಂದನ್ನು ಉಪವಾಸ ಕೆಡವಿ ನೋಡಿದರು. ಯಾರಿಗೆ ಯಾರು ಉಣಿಸುತ್ತಾರೆ ಎಂಬುದನ್ನು ನಿರ್ಧರಿಸುವಲ್ಲಿ ರಕ್ತಸಂಬಂಧಕ್ಕಿಂತ ಹಿಂದೆ ಸಿಕ್ಕ ಉಪಕಾರಕ್ಕೇ ತೂಕ ಹೆಚ್ಚಿತ್ತು. ಅಪರಿಚಿತ ಹೆಣ್ಣುಗಳನ್ನು ಒಟ್ಟಿಗೆ ಇಟ್ಟಾಗ ಅವು ಮೊದಲು ಪರಸ್ಪರ ಮೈ ನೆಕ್ಕಿ ಶುಚಿಮಾಡುತ್ತ ಪರಿಚಯ ಬೆಳೆಸಿದವು. ಊಟ ಹಂಚಿಕೊಂಡದ್ದು ಆ ನಂಟು ಗಟ್ಟಿಯಾದ ಮೇಲೆ.

ಗುಂಪುಗಳಲ್ಲಿ ಸಾಮಾನ್ಯವಾಗಿ 20ರಿಂದ 100 ಬಾವಲಿಗಳಿರುತ್ತವೆ. ನೂರಾರು ಇರುವುದೂ ಉಂಟು. ಗುಹೆ, ಪೊಳ್ಳು ಮರ, ಪಾಳು ಬಾವಿ, ಗಣಿಸುರಂಗ, ರಸ್ತೆಯಡಿಯ ಮೋರಿ ಇವು ಅವುಗಳ ಮನೆ. ಹೆಣ್ಣುಗಳು ತಮ್ಮ ತಾಯಂದಿರಿರುವ ಗುಂಪಿನಲ್ಲೇ ಉಳಿಯುತ್ತವೆ, ಬೆಳೆದ ಗಂಡುಗಳು ಬೇರೆಡೆಗೆ ವಲಸೆ ಹೋಗುತ್ತವೆ. ಗರ್ಭಾವಸ್ಥೆ ಸುಮಾರು ಏಳು ತಿಂಗಳು, ಇಷ್ಟು ಚಿಕ್ಕ ಸಸ್ತನಿಗೆ ಇದು ಬಹಳ ದೀರ್ಘ. ಹುಟ್ಟುವುದು ಒಂದೇ ಮರಿ, ಅದಕ್ಕೆ ಎಂಟೊಂಬತ್ತು ತಿಂಗಳು ಹಾಲೂಡಿಕೆ ನಡೆಯುತ್ತದೆ. ಸಂತಾನ ಹೀಗೆ ನಿಧಾನವಾದರೂ ಆಯುಸ್ಸು ಉದ್ದ.

ಮೈ ನೆಕ್ಕುವುದು, ಬಾಯಿಗೆ ಬಾಯಿಕೊಟ್ಟು ಉಣಿಸುವುದು, ಒತ್ತಿಕೊಂಡು ಮಲಗುವುದು ರೋಗಾಣುಗಳಿಗೂ ಅನುಕೂಲಕರ ದಾರಿಗಳು. ಬೆಲೀಜಿನ ಲಮನೈ ಎಂಬಲ್ಲಿ ಪೊಳ್ಳು ಮರವೊಂದರಿಂದ 31 ಹೆಣ್ಣು ಬಾವಲಿಗಳನ್ನು ಹಿಡಿದು, ಅರ್ಧದಷ್ಟಕ್ಕೆ ಕಾಯಿಲೆಯ ಲಕ್ಷಣ ಹುಟ್ಟಿಸುವ ಚುಚ್ಚುಮದ್ದು ಕೊಟ್ಟು, ಬೆನ್ನಿಗೆ ಚಿಕ್ಕ ಸಂವೇದಕ ಅಂಟಿಸಿ ಬಿಡಲಾಯಿತು. ‘ಕಾಯಿಲೆ’ಯವು ಕಡಿಮೆ ಜೊತೆಗಾರರನ್ನು ಭೇಟಿಯಾದವು, ಭೇಟಿಯಾದರೂ ಕಡಿಮೆ ಹೊತ್ತು ಜೊತೆಗಿದ್ದವು. 2020ರಲ್ಲಿ, ಮನುಷ್ಯರು ಅಂತರ ಕಾಪಾಡಿಕೊಳ್ಳುವುದನ್ನು ಕಲಿಯುತ್ತಿದ್ದ ವರ್ಷದಲ್ಲೇ, ಈ ಫಲಿತಾಂಶ ಪ್ರಕಟವಾಯಿತು.

ಇನ್ನೆರಡು ಜಾತಿಗಳು

ಉಳಿದೆರಡೂ ಹಕ್ಕಿಗಳ ರಕ್ತವನ್ನು ಹೆಚ್ಚು ಇಷ್ಟಪಡುತ್ತವೆ. ಬಿಳಿರೆಕ್ಕೆಯ ರಕ್ತಾಹಾರಿ ಮರದ ಕೊಂಬೆಯ ಅಡಿಭಾಗಕ್ಕೆ ಜೋತುಬಿದ್ದು ಮೆಲ್ಲಗೆ ಸರಿದು, ಮೇಲೆ ಕುಳಿತು ನಿದ್ರಿಸುವ ಹಕ್ಕಿಯ ಕಾಲ್ಬೆರಳನ್ನು ಕಚ್ಚುತ್ತದೆ. ಸಾಕಿದ ಕೋಳಿಯ ವಿಷಯದಲ್ಲಿ ಅದರ ಉಪಾಯ ಬೇರೆ: ನೆಲದಲ್ಲಿ ನಡೆದು ಬಂದು, ಮರಿಯಂತೆ ಕೋಳಿಯ ಎದೆಯಡಿಗೆ ನುಸುಳುತ್ತದೆ. ಕೋಳಿ ತನ್ನದೇ ಮರಿಯೆಂದು ರೆಕ್ಕೆ ಅಗಲಿಸಿ ಕುಳಿತುಕೊಳ್ಳುವುದನ್ನು ವೀಕ್ಷಕರು ದಾಖಲಿಸಿದ್ದಾರೆ. ರೋಮಗಾಲಿನ ರಕ್ತಾಹಾರಿ ಪೂರ್ತಿಯಾಗಿ ಹಕ್ಕಿಗಳನ್ನೇ ಅವಲಂಬಿಸಿದೆ ಎಂದು ಬಹುಕಾಲ ತಿಳಿಯಲಾಗಿತ್ತು. ಈಶಾನ್ಯ ಬ್ರೆಜಿಲಿನ ಕಾಟಿಂಬಾವು ರಾಷ್ಟ್ರೀಯ ಉದ್ಯಾನದಲ್ಲಿ ಅದರ ಹಿಕ್ಕೆಯ ಡಿಎನ್‌ಎ ಪರೀಕ್ಷಿಸಿದಾಗ ಬಹುಪಾಲು ಕೋಳಿಯ ರಕ್ತ, ಕೆಲವು ಮಾದರಿಗಳಲ್ಲಿ ಮನುಷ್ಯರ ರಕ್ತವೂ ಕಂಡುಬಂತು. ಕಾಡುಹಕ್ಕಿಗಳು ಕಡಿಮೆಯಾದ ಕಡೆ, ಹತ್ತಿರದ ಮನೆಗಳತ್ತ ಅದು ತಿರುಗಿದ್ದಿರಬೇಕು. ಈ ಜಾತಿಯ ಒಂದು ಬಾವಲಿ 1967ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಸ್‌ನಲ್ಲಿ, ಮೆಕ್ಸಿಕೊ ಗಡಿಯ ಬಳಿಯ ಪಾಳುಬಿದ್ದ ರೈಲು ಸುರಂಗದಲ್ಲಿ ಸಿಕ್ಕಿತ್ತು.

ರೇಬೀಸ್ ಗುರುತಾದ ಬಗೆ

1906ರಿಂದ 1908ರವರೆಗೆ ದಕ್ಷಿಣ ಬ್ರೆಜಿಲಿನ ಸಾಂಟಾ ಕಟರೀನದಲ್ಲಿ ಸಾವಿರಾರು ದನ, ಕುದುರೆಗಳು ಹಿಂಗಾಲು ಸೋತು ಸತ್ತವು. ಹಗಲಲ್ಲೇ ಬಾವಲಿಗಳು ದನಗಳ ಮೇಲೆರಗುವುದನ್ನು ಕಂಡಿದ್ದ ರೈತರು ಅವುಗಳತ್ತ ಬೊಟ್ಟುಮಾಡಿದರು. ಸಾವೊ ಪಾವ್ಲೊದ ಪಾಸ್ಚರ್ ಸಂಸ್ಥೆಯ ಆಂಟೋನಿಯೊ ಕರೀನಿ, ಸತ್ತ ಪ್ರಾಣಿಗಳ ಮಿದುಳಿನಲ್ಲಿ ರೇಬೀಸ್‌ನ ಗುರುತುಗಳನ್ನು ಕಂಡು, ಬಾವಲಿಗಳ ಪಾತ್ರವನ್ನು 1911ರಲ್ಲಿ ಸೂಚಿಸಿದರು. ರೇಬೀಸ್ ಎಂದರೆ ನಾಯಿಯ ಕಡಿತ ಎಂದೇ ನಂಬಿದ್ದ ಯುರೋಪಿನ ತಜ್ಞರು ಒಪ್ಪಲಿಲ್ಲ.

ಸಾಕ್ಷ್ಯ ಪೂರ್ಣವಾದದ್ದು ಟ್ರಿನಿಡಾಡ್‌ನಲ್ಲಿ. 1925ರಲ್ಲಿ ಅಲ್ಲಿ ದನಗಳು ಸಾಯತೊಡಗಿದವು, ಆಹಾರವಿಷ ಎಂದುಕೊಂಡರು. 1929ರಲ್ಲಿ ಮನುಷ್ಯರಿಗೂ ಬಂತು. ಜ್ವರ, ಕಾಲಲ್ಲಿ ಜುಮ್ಮೆನ್ನುವಿಕೆ, ಕೆಳಗಿನಿಂದ ಮೇಲೇರುವ ಲಕ್ವ, ಕೆಲವೇ ದಿನಗಳಲ್ಲಿ ಸಾವು. ಪೋಲಿಯೊ ಎಂಬ ತೀರ್ಮಾನವೂ ಆಯಿತು. ದ್ವೀಪದ ನಾಯಿಗಳಲ್ಲಿ ರೇಬೀಸ್ ಇರಲಿಲ್ಲ, ಸತ್ತವರಿಗೆ ನಾಯಿ ಕಚ್ಚಿದ ಇತಿಹಾಸವೂ ಇರಲಿಲ್ಲ. ಅಲ್ಲಿನ ಬ್ಯಾಕ್ಟೀರಿಯ ತಜ್ಞ ಜೋಸೆಫ್ ಲೆನಾಕ್ಸ್ ಪವಾನ್ ಸತ್ತವರ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಕೋಶಗಳೊಳಗೆ ನೆಗ್ರಿ ಕಾಯಗಳು ಕಂಡವು. ಇವು ರೇಬೀಸ್‌ನ ಖಚಿತ ಗುರುತು. ಲಂಡನ್ನಿನ ವೆಸ್ಟನ್ ಹರ್ಸ್ಟ್ ಅವರೊಡನೆ ಸೇರಿ 1931ರಲ್ಲಿ ಅವರು ಈ ರೋಗ ರೇಬೀಸೇ ಎಂದು ಸಾಧಿಸಿದರು. ಮುಂದೆ ರಕ್ತಾಹಾರಿ ಬಾವಲಿಗಳಲ್ಲೇ ವೈರಸ್ ಇರುವುದನ್ನೂ, ಅವು ಕಚ್ಚಿದರೆ ರೋಗ ಹರಡುವುದನ್ನೂ ಪ್ರಯೋಗಗಳಿಂದ ತೋರಿಸಿದರು. 1937ರ ಹೊತ್ತಿಗೆ ದ್ವೀಪದಲ್ಲಿ 89 ಜನ ಸತ್ತಿದ್ದರು. ರೋಗದ ಲಕ್ಷಣಕ್ಕಿಂತ ರೋಗದ ಬಗೆಗಿನ ಪೂರ್ವಗ್ರಹವೇ ವೈದ್ಯರ ಕಣ್ಣನ್ನು ಕಟ್ಟಿದ ಪ್ರಸಂಗ ಇದು. ನಾಯಿಯ ಕಡಿತವಿಲ್ಲ, ನೀರಿನ ಭಯವಿಲ್ಲ, ಹಾಗಾಗಿ ರೇಬೀಸ್ ಅಲ್ಲ ಎಂದು ನಾಲ್ಕಾರು ವರ್ಷ ಕಳೆದುಹೋದವು.

ದನಗಳಲ್ಲಿ, ಮನುಷ್ಯರಲ್ಲಿ

ಬಾವಲಿಯ ಜೊಲ್ಲಿನೊಡನೆ ಗಾಯ ಸೇರಿದ ವೈರಸ್ ನರಗಳ ಜಾಡು ಹಿಡಿದು ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಸಾಗುತ್ತದೆ. ಇದಕ್ಕೆ ವಾರಗಳಿಂದ ತಿಂಗಳುಗಳವರೆಗೆ ಹಿಡಿಯುತ್ತದೆ. ದನಗಳಲ್ಲಿ ಮೊದಲು ಕಾಣುವುದು ಮಂದೆಯಿಂದ ದೂರ ನಿಲ್ಲುವುದು, ಹಿಂಗಾಲಿನ ತಡವರಿಕೆ. ಆಮೇಲೆ ಜೊಲ್ಲು ಸುರಿಯುತ್ತದೆ, ಮೇವು ನುಂಗಲಾಗುವುದಿಲ್ಲ. ನೆಲಕ್ಕೆ ಬಿದ್ದ ದನ ಏಳದೆ ಕೆಲವು ದಿನಗಳಲ್ಲಿ ಸಾಯುತ್ತದೆ. ಮೆಕ್ಸಿಕೊದ ರೈತರು ಇದನ್ನು ‘ಡೆರಿಯೆಂಗೆ’ ಎನ್ನುತ್ತಾರೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಇಂಥ ದನದ ಬಾಯಿಗೆ ಬರಿಗೈ ಹಾಕಿ ನೋಡುವುದು ಅಪಾಯಕರ. ಜೊಲ್ಲಿನಲ್ಲಿ ವೈರಸ್ ಇರಬಹುದು. ಒಂದೆರಡು ಹಸುಗಳನ್ನೇ ನಂಬಿರುವ ಆಂಡಿಸ್ ಕಣಿವೆಯ ಕುಟುಂಬಕ್ಕೆ ಒಂದು ದನದ ಸಾವು ವರ್ಷದ ಆದಾಯವನ್ನೇ ಅಲುಗಾಡಿಸುತ್ತದೆ.

ಮನುಷ್ಯರನ್ನು ಕಚ್ಚುವುದು ಬಾವಲಿಯ ಮೊದಲ ಆಯ್ಕೆಯಲ್ಲ. ಕಾಡುಪ್ರಾಣಿಗಳು ತೀರಿಹೋದ ಕಡೆ, ಸಾಕುಪ್ರಾಣಿಗಳನ್ನು ಒಮ್ಮೆಲೇ ಸಾಗಿಸಿದ ಕಡೆ, ಕಾಡಿನ ನಡುವೆ ಚಿನ್ನದ ಗಣಿಯ ಗುಡಿಸಲುಗಳು ಎದ್ದ ಕಡೆ ಅದು ಮನುಷ್ಯರತ್ತ ಹೊರಳುತ್ತದೆ. ಗೋಡೆಯಿಲ್ಲದ ಮನೆ, ದೀಪವಿಲ್ಲದ ರಾತ್ರಿ, ಸೊಳ್ಳೆಪರದೆ ಇಲ್ಲದ ಹಾಸಿಗೆ ಅದಕ್ಕೆ ಅನುಕೂಲ. ಕಾಲ್ಬೆರಳು, ಕೈಬೆರಳ ತುದಿ, ಮೂಗು, ಕಿವಿ, ತಲೆ ಇವು ಕಚ್ಚುವ ಜಾಗಗಳು. ಕಚ್ಚಿಸಿಕೊಳ್ಳುವವರಲ್ಲಿ ಮಕ್ಕಳು ಹೆಚ್ಚು. ಬ್ರೆಜಿಲಿನ ಪಾರಾ ರಾಜ್ಯದ ಪೋರ್ಟೆಲ್‌ನಲ್ಲಿ 2004ರಲ್ಲಿ 15 ಮಂದಿ ಸತ್ತರು. ಆ ವರ್ಷ ಲ್ಯಾಟಿನ್ ಅಮೆರಿಕದಲ್ಲಿ ಮೊದಲ ಬಾರಿಗೆ, ನಾಯಿಗಳಿಂದ ರೇಬೀಸ್ ತಗುಲಿ ಸತ್ತವರಿಗಿಂತ ಕಾಡುಪ್ರಾಣಿಗಳಿಂದ, ಮುಖ್ಯವಾಗಿ ಬಾವಲಿಗಳಿಂದ, ಸತ್ತವರ ಸಂಖ್ಯೆ ಹೆಚ್ಚಾಯಿತು. ನಾಯಿಗಳಿಗೆ ವ್ಯಾಪಕವಾಗಿ ಲಸಿಕೆ ಹಾಕಿ ಆ ಮೂಲವನ್ನು ಬಹುಮಟ್ಟಿಗೆ ಮುಚ್ಚಿದ್ದರ ಪರಿಣಾಮವೂ ಇದರಲ್ಲಿದೆ.

ಕಚ್ಚಿದ ತಕ್ಷಣ ಗಾಯವನ್ನು ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು, ಇಮ್ಯುನೊಗ್ಲಾಬ್ಯುಲಿನ್ ಮತ್ತು ಲಸಿಕೆ ಪಡೆದರೆ ರೋಗ ಬಾರದಂತೆ ತಡೆಯಬಹುದು. ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲವೆಂಬಷ್ಟು ವಿರಳ. ಅಮೆಜಾನ್ ಹಳ್ಳಿಗಳಿಂದ ಲಸಿಕೆ ಸಿಗುವ ಊರಿಗೆ ದೋಣಿಯಲ್ಲಿ ದಿನಗಟ್ಟಲೆ ಹೋಗಬೇಕಾಗುತ್ತದೆ. ಆದ್ದರಿಂದ ಪೆರುವಿನಲ್ಲಿ ಅಪಾಯದ ಪ್ರದೇಶದವರಿಗೆ ಮುಂಚಿತವಾಗಿಯೇ ಲಸಿಕೆ ಹಾಕುವ ಕಾರ್ಯಕ್ರಮ ನಡೆದಿದೆ. ಅದೇ ಪೆರುವಿನ ಟ್ರುವೆನೊಕೊಚ ಮತ್ತು ಸಾಂಟಾ ಮಾರ್ಟಾ ಎಂಬ ಎರಡು ಹಳ್ಳಿಗಳಲ್ಲಿ ರಕ್ತ ಪರೀಕ್ಷಿಸಿದ 63 ಜನರಲ್ಲಿ 7 ಜನರ ಮೈಯಲ್ಲಿ ರೇಬೀಸ್ ಪ್ರತಿಕಾಯಗಳಿದ್ದವು. ಅವರಲ್ಲಿ ಲಸಿಕೆ ಪಡೆದ ನೆನಪಿದ್ದದ್ದು ಒಬ್ಬರಿಗೆ ಮಾತ್ರ. ವೈರಸ್ ಮೈಸೇರಿಯೂ ರೋಗ ಬೆಳೆಯದೆ ಹೋಗುವ ಸಾಧ್ಯತೆ ಇದೆಯೇ ಎಂಬ ಚರ್ಚೆ 2012ರ ಈ ವರದಿಯಿಂದ ಬಿಸಿಯಾಯಿತು.

ರೇಬೀಸ್ ಹೊರತಾಗಿ, ಟ್ರಿಪನೊಸೋಮ ಇವಾನ್ಸೈ ಎಂಬ ಏಕಕೋಶ ಪರೋಪಜೀವಿಯನ್ನೂ ಸಾಮಾನ್ಯ ರಕ್ತಾಹಾರಿ ಕುದುರೆಯಿಂದ ಕುದುರೆಗೆ ಸಾಗಿಸುತ್ತದೆ. 1930ರ ದಶಕದ ಆರಂಭದಲ್ಲಿ ಪನಾಮದಲ್ಲಿ ನಡೆದ ಪ್ರಯೋಗಗಳು ಇದನ್ನು ತೋರಿಸಿದವು. ಇದೇ ಪರೋಪಜೀವಿ ಭಾರತದಲ್ಲಿ ಕುದುರೆ, ಒಂಟೆ, ಎಮ್ಮೆಗಳಿಗೆ ಸರ್ರಾ ರೋಗ ತರುತ್ತದೆ. ಗ್ರಿಫಿತ್ ಇವಾನ್ಸ್ 1880ರಲ್ಲಿ ಅದನ್ನು ಪತ್ತೆಹಚ್ಚಿದ್ದೂ ಅಂದಿನ ಪಂಜಾಬಿನಲ್ಲಿ. ಇಲ್ಲಿ ಅದನ್ನು ಹರಡುವುದು ಕಚ್ಚುವ ಕುದುರೆನೊಣಗಳು. ಈ ಸೋಂಕು ಬಾವಲಿಯನ್ನೂ ಕಾಯಿಲೆಗೆ ಕೆಡವುತ್ತದೆ.

ನಿಯಂತ್ರಣ

ರೇಬೀಸ್ ಬಂದ ಬಾವಲಿಯೂ ಸಾಯುತ್ತದೆ. ಬಾವಲಿ ವರ್ಷಗಟ್ಟಲೆ ವೈರಸ್ ಹೊತ್ತು ತಿರುಗುತ್ತದೆಂಬ ಹಳೆಯ ಅಭಿಪ್ರಾಯಕ್ಕೆ ಈಗ ಬೆಂಬಲವಿಲ್ಲ. ವೈರಸ್‌ಗೆ ಒಡ್ಡಿಕೊಂಡ ಹಲವು ಬಾವಲಿಗಳು ರೋಗ ಬಾರದೆಯೇ ಪ್ರತಿಕಾಯ ಬೆಳೆಸಿಕೊಳ್ಳುತ್ತವೆ. ಹಾಗಿದ್ದೂ ಒಂದು ಪ್ರದೇಶದಲ್ಲಿ ವೈರಸ್ ನಶಿಸದಿರುವುದಕ್ಕೆ ಕಾರಣ, ಅದು ಗುಂಪಿನಿಂದ ಗುಂಪಿಗೆ ಸಾಗುತ್ತಲೇ ಇರುವುದು. ಪೆರುವಿನಲ್ಲಿ ಡೇನಿಯಲ್ ಸ್ಟ್ರೈಕರ್ ಮತ್ತು ಸಂಗಡಿಗರು ವೈರಸ್ ಹಾಗೂ ಬಾವಲಿಗಳ ಜೀನ್‌ಗಳನ್ನು ಹೋಲಿಸಿ, ಈ ಸಾಗಾಟದ ಹೊಣೆ ವಲಸೆ ಹೋಗುವ ಗಂಡುಗಳದ್ದೆಂದು ತೋರಿಸಿದರು. ಆಂಡಿಸ್ ಕಣಿವೆಗಳಲ್ಲಿ ರೋಗ ವರ್ಷಕ್ಕೆ 10ರಿಂದ 20 ಕಿಲೋಮೀಟರ್ ವೇಗದಲ್ಲಿ ಅಲೆಯಾಗಿ ಮುಂದೊತ್ತುತ್ತದೆ.

ಕೊಲ್ಲುವುದು ಎಲ್ಲರಿಗೂ ಮೊದಲು ಹೊಳೆದ ಉಪಾಯ. ಗುಹೆಗಳಿಗೆ ಬೆಂಕಿ, ಹೊಗೆ, ಸಿಡಿಮದ್ದು ಇಟ್ಟರು. ಅದರಲ್ಲಿ ಸತ್ತದ್ದು ಕೀಟ ತಿನ್ನುವ, ಪರಾಗಸ್ಪರ್ಶ ಮಾಡುವ, ಬೀಜ ಹರಡುವ ನಿರಪರಾಧಿ ಬಾವಲಿಗಳೇ ಹೆಚ್ಚು. 1970ರ ದಶಕದ ಆರಂಭದಲ್ಲಿ ಮೆಕ್ಸಿಕೊದಲ್ಲಿ ಗುರಿ ತಪ್ಪದ ಉಪಾಯವೊಂದು ರೂಪುಗೊಂಡಿತು. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷದ ಮುಲಾಮನ್ನು, ದೊಡ್ಡಿಯ ಬಳಿ ಬಲೆಗೆ ಬಿದ್ದ ಬಾವಲಿಯ ಬೆನ್ನಿಗೆ ಸವರಿ ಬಿಡುವುದು ಆ ಉಪಾಯ. ನೆಲೆಗೆ ಮರಳಿದ ಅದನ್ನು ಜೊತೆಗಾರ್ತಿಯರು ನೆಕ್ಕಿ ಶುಚಿಮಾಡುತ್ತವೆ, ಒಂದಕ್ಕೆ ಸವರಿದ ವಿಷ ಹಲವನ್ನು ಕೊಲ್ಲುತ್ತದೆ. ಕಚ್ಚಿಸಿಕೊಳ್ಳುವ ದನಗಳ ಸಂಖ್ಯೆ ಇದರಿಂದ ಇಳಿಯುವುದು ನಿಜ. ರೇಬೀಸ್ ಇಳಿಯುತ್ತದೆಂಬುದು ಬೇರೆ ಮಾತು. ಪೆರುವಿನಲ್ಲಿ ವರ್ಷಗಳ ಕಾಲ ಗಮನಿಸಿದಾಗ, ಗುಂಪಿನ ಗಾತ್ರಕ್ಕೂ ವೈರಸ್‌ಗೆ ಒಡ್ಡಿಕೊಂಡವುಗಳ ಪ್ರಮಾಣಕ್ಕೂ ಸಂಬಂಧ ಕಾಣಲಿಲ್ಲ. 2023ರಲ್ಲಿ ಪ್ರಕಟವಾದ ವಿಶ್ಲೇಷಣೆ ಇನ್ನೂ ಮುಂದೆ ಹೋಯಿತು. ರೋಗ ತಲುಪುವ ಮೊದಲೇ ಕೊಂದರೆ ಹರಡುವಿಕೆ ತುಸು ನಿಧಾನವಾಗಬಹುದು, ತಲುಪಿದ ಮೇಲೆ ಕೊಂದರೆ ಪ್ರಯೋಜನವಿಲ್ಲ, ಅದರಿಂದ ಹರಡುವಿಕೆ ಹೆಚ್ಚಲೂಬಹುದು ಎಂದು ಅದು ಸೂಚಿಸಿತು. ಕದಡಿದ ಗುಂಪಿನ ಬಾವಲಿಗಳು ಚದುರುತ್ತವೆ, ಖಾಲಿಯಾದ ನೆಲೆಗೆ ಹೊಸವು ಬರುತ್ತವೆ. ದನ ಸತ್ತ ಸುದ್ದಿ ಬಂದ ಮೇಲೆ ಬಲೆ ಹಿಡಿದು ಹೊರಡುವುದೇ ಬಹುತೇಕ ಕಡೆಯ ರೂಢಿ ಎಂಬುದನ್ನು ನೆನೆದರೆ ಈ ಫಲಿತಾಂಶದ ತೂಕ ತಿಳಿಯುತ್ತದೆ.

ದನಗಳಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದು ಸದ್ಯಕ್ಕೆ ಖಚಿತವಾದ ರಕ್ಷಣೆ. ಆದರೆ ಬಡ ರೈತರು ರೋಗ ಪಕ್ಕದ ಊರಿಗೆ ಬರುವವರೆಗೆ ಆ ಖರ್ಚಿಗೆ ಮುಂದಾಗುವುದಿಲ್ಲ, ದನಗಳಿಗೆ ಹಾಕಿದ ಲಸಿಕೆ ಬಾವಲಿಗಳಲ್ಲಿನ ವೈರಸ್ಸನ್ನು ಮುಟ್ಟುವುದೂ ಇಲ್ಲ. ಹೀಗಾಗಿ ವಿಷ ಹರಡಿದ ದಾರಿಯಲ್ಲೇ ಬಾವಲಿಗಳಿಗೆ ಲಸಿಕೆಯನ್ನೂ ಹರಡುವ ಯೋಚನೆ ಬಂದಿದೆ. ಪೆರುವಿನ ನೆಲೆಗಳಲ್ಲಿ ಕೆಲವು ಬಾವಲಿಗಳ ಮೈಗೆ ಹೊಳೆಯುವ ಬಣ್ಣ ಬೆರೆಸಿದ ಜೆಲ್ ಸವರಿ ಬಿಟ್ಟು, ಮುಂದೆ ಹಿಡಿದ ಬಾವಲಿಗಳ ರೋಮದಲ್ಲಿ ಆ ಬಣ್ಣ ಹುಡುಕಲಾಯಿತು. ಸವರದ ಅನೇಕ ಬಾವಲಿಗಳಲ್ಲೂ ಬಣ್ಣ ಸಿಕ್ಕಿತು. ಬಣ್ಣದ ಜಾಗದಲ್ಲಿ ಬಾಯಿಯ ಮೂಲಕ ಕೆಲಸ ಮಾಡುವ ಲಸಿಕೆಯಿದ್ದರೆ, ಕೊಲ್ಲುವುದಕ್ಕಿಂತ ಅದೇ ಹೆಚ್ಚು ಫಲ ಕೊಡಬಲ್ಲದೆಂದು 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಲೆಕ್ಕಾಚಾರ ಹೇಳುತ್ತದೆ. ಇದಕ್ಕೆ ಸಿಡುಬಿನ ಬಳಗದ ನಿರುಪದ್ರವಿ ವೈರಸ್ಸೊಂದರ ಮೇಲೆ ಕಟ್ಟಿದ ಲಸಿಕೆಯನ್ನು ಸೆರೆಯಲ್ಲಿಟ್ಟ ಬಾವಲಿಗಳ ಮೇಲೆ ಪರೀಕ್ಷಿಸಲಾಗಿದೆ. ರಕ್ತಾಹಾರಿಗಳಲ್ಲಿ ಸಹಜವಾಗಿಯೇ ವ್ಯಾಪಕವಾಗಿರುವ, ಒಂದರಿಂದೊಂದಕ್ಕೆ ತಾನಾಗಿ ದಾಟುವ ಹರ್ಪಿಸ್ ವೈರಸ್ಸೊಂದನ್ನು ಲಸಿಕೆಯ ವಾಹನವಾಗಿಸುವ ಸಾಧ್ಯತೆಯೂ ಪರಿಶೀಲನೆಯಲ್ಲಿದೆ. ಒಮ್ಮೆ ಬಿಟ್ಟ ಮೇಲೆ ಹಿಂದಕ್ಕೆ ಕರೆಸಿಕೊಳ್ಳಲಾಗದ ಲಸಿಕೆ ಅದಾದ್ದರಿಂದ ಅದರ ಸುರಕ್ಷತೆಯ ಪ್ರಶ್ನೆಗಳೂ ಮೊದಲನೆಯದಕ್ಕಿಂತ ಕಠಿಣ.